ಚೀಬನ ವಶದಲ್ಲಿದ್ದ ಮೆಫೀಬೋಶೆತನು

ಎರಡನೆಯ ಸಮುವೇಲನ ಪುಸ್ತಕದ 9, 16, 19ನೆಯ ಅಧ್ಯಾಯಗಳಲ್ಲಿ ಬಿಡಿಬಿಡಿಯಾಗಿ ಬರೆದಿರುವ ಒಂದು ಚರಿತ್ರೆಯನ್ನು ಈ ತಿಂಗಳು ಧ್ಯಾನಿಸೋಣ. ಸಂಡೇ ಶಾಲೆಯ ಮಕ್ಕಳಿಗೆ ದಾವೀದನೂ ಗೊಲ್ಯಾತನೂ ತಿಳಿದಿರುವಷ್ಟು ಇದು ತಿಳಿದಿಲ್ಲ. ಆದರೂ ಮನೆಯಲ್ಲಿ ವೃದ್ಧರಿರುವ ಪ್ರತಿಯೊಬ್ಬನೂ ಇದನ್ನು ಓದಿಕೊಳ್ಳತಕ್ಕದ್ದು.

ಮೆಫೀಬೋಶೆತನು ಯೋನಾತಾನನ ಮಗನು. ಅವನು ಐದು ವರುಷದ ಮಗುವಾಗಿದ್ದಾಗ ದಾದಿಯು ಅವನನ್ನೆತ್ತಿಕೊಂಡು ಓಡುವ ಅವಸರದಲ್ಲಿ ಅವನು ಬಿದ್ದು, ಎರಡು ಕಾಲೂ ಕುಂಟಾದವು. ದಾವೀದನು ಅರಸನಾದ ಮೇಲೆ ಯೋನಾತಾನನ ಸ್ನೇಹವನ್ನು ನೆನೆದು, ಸೌಲನ ಭೂಮಿಯನ್ನೆಲ್ಲಾ ಇವನಿಗೆ ಕೊಟ್ಟು, ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರಿಸಿದನು. ಹೊಲಮನೆಗಳನ್ನು ನೋಡಿಕೊಳ್ಳುವ ಕೆಲಸವನ್ನು ಸೌಲನ ಸೇವಕನಾದ ಚೀಬನಿಗೆ ಒಪ್ಪಿಸಿದನು. ಚೀಬನಿಗೆ 15 ಮಂದಿ ಮಕ್ಕಳೂ 20 ಮಂದಿ ಆಳುಗಳೂ ಇದ್ದರು. ಕುಂಟನಿಗೆ ಇದ್ದದ್ದು ಚೀಬನ ಮೇಲಿನ ಭರವಸವೊಂದೇ.

ಅಬ್ಷಾಲೋಮನ ದಂಗೆಯ ದಿನದಲ್ಲಿ ಅರಸನು ಯೆರೂಸಲೇಮನ್ನು ಬಿಟ್ಟು ಓಡುತ್ತಿರಲು, ಚೀಬನು ಎರಡು ಕತ್ತೆಗಳ ಮೇಲೆ 200 ರೊಟ್ಟಿಗಳನ್ನೂ, ಒಣದ್ರಾಕ್ಷೆಯನ್ನೂ, ಹಣ್ಣುಗಳನ್ನೂ, ದ್ರಾಕ್ಷಾರಸವನ್ನೂ ಹೇರಿಕೊಂಡು ಎದುರಿಗೆ ಬಂದನು. ನಿನ್ನ ಯಜಮಾನನು ಎಲ್ಲಿ ಎಂದು ಕೇಳಿದ್ದಕ್ಕೆ, ರಾಜ್ಯವು ತನಗೆ ಸಿಕ್ಕುವದೆಂದು ಪಟ್ಟಣದಲ್ಲಿಯೇ ಉಳಿದಿದ್ದಾನೆಂದು ಹೇಳಿದನು. ದಾವೀದನು ಕುಂಟನನ್ನು ಕರಿಸಲಿಲ್ಲ, ಕೇಳಲಿಲ್ಲ. ನಿಂತ ನಿಲುವಿನಲ್ಲಿಯೇ ಅವನ ಆಸ್ತಿಯನ್ನೆಲ್ಲಾ ಚೀಬನಿಗೆ ಕೊಟ್ಟುಬಿಟ್ಟನು. ಅರಸನು ತಿರುಗಿ ಬಂದಾಗ ಮೆಫೀಬೋಶೆತನು ಕಾಲು ತೊಳೆಯದೆ, ಮೀಸೆ ಕತ್ತರಿಸಿಕೊಳ್ಳದೆ, ಮಾಸಿದ ಬಟ್ಟೆಯಲ್ಲಿ ಬಂದು, ತಾನು ಕತ್ತೆಯನ್ನೇರಿ ಬರಬೇಕೆಂದಿದ್ದಾಗ ಆಳು ತನ್ನನ್ನು ವಂಚಿಸಿದನೆಂದೂ ಅರಸನ ಬಳಿಯಲ್ಲಿ ಚಾಡಿ ಹೇಳಿದನೆಂದೂ ತಿಳಿಸಿದನು.

ಪ್ರಿಯರೇ, ಚೀಬನು ಇಸ್ರಾಯೇಲಿನಲ್ಲಿ ಸತ್ತುಹೋಗಲಿಲ್ಲ. ನಮ್ಮ ಹಳ್ಳಿಗಳ ಮಕ್ಕಳು ಬೆಂಗಳೂರಿಗೂ, ಮುಂಬಯಿಗೂ, ಅರಬರ ದೇಶಗಳಿಗೂ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿದ ತಾಯಿತಂದೆಗಳನ್ನು ಸಂಬಳಕ್ಕಿಟ್ಟವರ ಕೈಗಾಗಲಿ, ಹತ್ತಿರದ ನೆಂಟರ ಕೈಗಾಗಲಿ ಒಪ್ಪಿಸುತ್ತಾರೆ. ಇವರಲ್ಲಿ ಹೆತ್ತ ಮಕ್ಕಳಿಗಿಂತ ಹೆಚ್ಚಾಗಿ ಸೇವೆಮಾಡುವ ಸತ್ಯವಂತರು ಅನೇಕರಿದ್ದಾರೆ. ಅವರಿಗಾಗಿ ದೇವರಿಗೆ ಸ್ತೋತ್ರ. ಆದರೆ ಬಾಗಿಲು ಮುಚ್ಚಿದ ಮೇಲೆ ಹೊಡೆಯುವವರೂ, ಹಸಿವೆಯಲ್ಲಿಡುವವರೂ, ಪಿಂಚಣಿಯ ಹಣವನ್ನು ತಿನ್ನುವವರೂ, ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ಇದ್ದಾರೆ.

ಇದನ್ನು ಬರೆಯುವವನು ತನ್ನ ತಪ್ಪನ್ನು ಮರೆಮಾಡಲಾರನು. ನಾನು ಒಂದು ಸಭೆಯಲ್ಲಿ ಸೇವೆಮಾಡುತ್ತಿದ್ದಾಗ, ಹಾಸಿಗೆ ಹಿಡಿದಿದ್ದ ಒಬ್ಬ ವೃದ್ಧ ತಾಯಿಯ ಮನೆಗೆ ತಿಂಗಳಿಗೊಂದಾವರ್ತಿ ಕರ್ತನ ಭೋಜನವನ್ನು ತೆಗೆದುಕೊಂಡು ಹೋಗುತ್ತಿದ್ದೆನು. ಮಗನು ದೂರದ ಪಟ್ಟಣದಲ್ಲಿದ್ದನು. ಸಂಬಳಕ್ಕಿಟ್ಟ ಹೆಂಗಸು ನಗುಮುಖದಿಂದ ಎದುರುಗೊಂಡು, ಚಾಪೆ ಹಾಸಿ, ಕಾಫಿ ಕೊಟ್ಟು, ನಾನು ಆ ತಾಯಿಗೆ ಕೇಳಿದ್ದಕ್ಕೆಲ್ಲಾ ತಾನೇ ಉತ್ತರ ಕೊಡುವಳು. "ಅಜ್ಜಿ ಚೆನ್ನಾಗಿ ಉಣ್ಣುತ್ತಾರೆ ಅಯ್ಯನವರೇ, ಸ್ವಲ್ಪ ಮರೆವು ಬಂದಿದೆ, ಅಷ್ಟೇ" ಎನ್ನುವಳು. ನಾನು ಪ್ರಾರ್ಥಿಸಿ ಎದ್ದು ಬರುವೆನು. ಒಂದು ದಿನ ಅವಳು ನೀರಿಗೆ ಹೋಗಿದ್ದಾಗ ಆ ತಾಯಿಯು ನನ್ನ ಕೈಯನ್ನು ಹಿಡಿದು, ಸೆರಗನ್ನು ಸರಿಸಿ ತೋಳನ್ನು ತೋರಿಸಿದರು. ಮಾತಾಡಲಿಲ್ಲ. ಅಷ್ಟು ತಿಂಗಳು ನಾನು ಕೊಟ್ಟ ರೊಟ್ಟಿಯನ್ನು ತೆಗೆದುಕೊಂಡ ಆ ಕೈಯ ಮೇಲೆ ಕಾಯಿಸಿದ ಸೌಟಿನ ಬರೆಗಳಿದ್ದವು.

ದಾವೀದನು ಚೀಬನ ರೊಟ್ಟಿಯನ್ನು ನೋಡಿ ಚೀಬನ ಮಾತನ್ನು ನಂಬಿದನು. ನಾನು ಒಂದು ಲೋಟ ಕಾಫಿಗೆ ನಂಬಿದೆನು. ಮಗನನ್ನು ಕರಿಸಿದೆವು. ಅವನು ಬಂದು ಅತ್ತನು. ಆದರೆ ನಾಲ್ಕು ಜನರಿಗೆ ತಿಳಿದರೆ ಮಾನ ಹೋಗುವದೆಂದು ಅವಳ ಲೆಕ್ಕ ತೀರಿಸಿ ಕಳುಹಿಸಿಬಿಟ್ಟನು. ಅದೇ ಲೇಸೆಂದು ನಾನೂ ಹೇಳಿದೆನು. ಅವಳು ಮತ್ತೊಂದೂರಿನಲ್ಲಿ ಮತ್ತೊಬ್ಬ ಮುದುಕರ ಆರೈಕೆಗೆ ಸೇರಿದಳೆಂದು ಆಮೇಲೆ ಕೇಳಿದೆವು. ನಮ್ಮ ಮಾನವನ್ನು ನಾವು ಉಳಿಸಿಕೊಂಡೆವು. ಅದರ ಬೆಲೆಯನ್ನು ತೆತ್ತವರು ಬೇರೆಯವರು.

ಆದದರಿಂದ ಮೊದಲನೆಯ ಮಾತು ಇದು: ನಿಮ್ಮ ವೃದ್ಧರನ್ನು ಕಣ್ಣಾರೆ ನೋಡಿರಿ, ಒಂಟಿಯಾಗಿ ಕೇಳಿರಿ. ಫೋನಿನಲ್ಲಿ ಆರೈಕೆಯವರು ಹೇಳಿದ್ದೇ ಸಾಕೆನ್ನಬೇಡಿರಿ. ಹೇಳದೆ ಕೇಳದೆ ಒಂದು ದಿನ ಹೋಗಿರಿ. ಮೈಮೇಲೆ ಕಾರಣ ತಿಳಿಯದ ಗಾಯ, ಬೆನ್ನಿನ ಹುಣ್ಣು, ಬಡಕಲಾದ ದೇಹ, ಆರೈಕೆಯವರು ಒಳಗೆ ಬಂದೊಡನೆ ನಿಂತುಹೋಗುವ ಮಾತು, ಪಾಸುಪುಸ್ತಕದಲ್ಲಿ ಲೆಕ್ಕವಿಲ್ಲದೆ ತೆಗೆದ ಹಣ ಇವು ಕಂಡರೆ ವಿಚಾರಿಸಿರಿ. ಹಾಗೆಯೇ ಆರೈಕೆಯವರನ್ನೂ ಕೇಳದೆ ಅಪರಾಧಿಯೆನ್ನಬೇಡಿರಿ. ಯಾಕಂದರೆ ದಾವೀದನ ತಪ್ಪು ಒಂದು ಪಕ್ಷವನ್ನೇ ಕೇಳಿದ್ದು. ಮರೆವಿನ ರೋಗದವರು ಒಮ್ಮೊಮ್ಮೆ ಇಲ್ಲದ್ದನ್ನು ಹೇಳುವದುಂಟು. ಹಗಲಿರುಳು ರಜೆಯಿಲ್ಲದೆ ದುಡಿಸಿ ಅರೆ ಸಂಬಳ ಕೊಡುವ ಮನೆಯವರೂ ದೇವರ ಮುಂದೆ ಉತ್ತರ ಕೊಡಬೇಕು.

ಅನ್ಯಾಯವು ನಿಜವೆಂದು ತೋರಿದರೆ ಏನು ಮಾಡತಕ್ಕದ್ದು? ವಿಶ್ವಾಸಿಗಳು ನ್ಯಾಯಸ್ಥಾನಕ್ಕೆ ಹೋಗಬಹುದೋ ಎಂದು ಕೆಲವರು ಕೇಳುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ಸಹೋದರರು ವ್ಯಾಜ್ಯವಾಡುವದಕ್ಕಿಂತ ನಷ್ಟವನ್ನು ತಾಳಿಕೊಳ್ಳುವದು ಮೇಲೆಂದು ಬೋಧಿಸಿದ್ದು ನಿಜವೇ. ಆದರೆ ನನಗಾದ ಅನ್ಯಾಯವನ್ನು ನಾನು ತಾಳಿಕೊಳ್ಳುವದು ಬೇರೆ, ನನ್ನ ತಾಯಿಗಾಗುವ ಅನ್ಯಾಯವನ್ನು ಆಕೆಯೇ ತಾಳಿಕೊಳ್ಳಲೆಂದು ಬಿಡುವದು ಬೇರೆ. ಮೊದಲನೆಯದು ಶಾಂತಿ, ಎರಡನೆಯದು ಹೇಡಿತನ. ನಾಲ್ವತ್ತಕ್ಕೂ ಹೆಚ್ಚು ಮಂದಿ ತನ್ನನ್ನು ಕೊಲ್ಲಲು ಒಳಸಂಚು ಮಾಡಿದಾಗ ಪೌಲನು ತನ್ನ ಸಹೋದರಿಯ ಮಗನನ್ನು ಸಹಸ್ರಾಧಿಪತಿಯ ಬಳಿಗೆ ಕಳುಹಿಸಿ ಕಾವಲನ್ನು ಪಡೆದನು. ಅಧಿಕಾರಿಯು ಒಳ್ಳೇದಕ್ಕಾಗಿ ದೇವರ ಸೇವಕನೆಂದು ರೋಮಾಪುರದವರಿಗೆ ಬರೆದವನೂ ಅವನೇ. ದೇಹಬಲವಿಲ್ಲದವರಿಗಾಗಿ ಕಾನೂನನ್ನು ಆಶ್ರಯಿಸುವದು ಐದನೆಯ ಆಜ್ಞೆಯನ್ನು ಕೈಕೊಳ್ಳುವ ಒಂದು ವಿಧವೇ ಆಗಿದೆ.

ಈಗ ನಮ್ಮ ದೇಶದ ಕಾನೂನುಗಳಲ್ಲಿ ಏನೇನು ದಾರಿಗಳಿವೆಯೆಂಬದನ್ನು ತಿಳಿದುಕೊಳ್ಳಿರಿ.

ಪ್ರಾಣಭಯವಿದ್ದರೆ ಮೊದಲು ವೃದ್ಧರನ್ನು ಆ ಕೈಯಿಂದ ಬಿಡಿಸಿ ವೈದ್ಯರಿಗೆ ತೋರಿಸಿರಿ. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುವರು. ಹಿರಿಯರಿಗಾಗಿಯೇ ಇರುವ 14567 ಎಂಬ ಸಹಾಯವಾಣಿಯೂ ಉಂಟು. ವೈದ್ಯರ ಚೀಟಿ, ಗಾಯದ ಚಿತ್ರ, ಪಾಸುಪುಸ್ತಕ, ನೋಡಿದವರ ಹೆಸರು, ದಿನ ತಾರೀಖುಗಳ ಬರವಣಿಗೆ ಇವನ್ನು ಜೋಪಾನವಾಗಿಡಿರಿ. ಚೀಬನ ಚಾಡಿಗೆ ಮೆಫೀಬೋಶೆತನು ತೋರಿಸಲು ಸಾಧ್ಯವಾದ ಸಾಕ್ಷಿಯು ಮಾಸಿದ ಬಟ್ಟೆಯೊಂದೇ. ನಮ್ಮವರಿಗೆ ಅದಕ್ಕಿಂತ ಹೆಚ್ಚು ಇರಲಿ.

ಆರೈಕೆಯವರು ಸಂಬಳದವರಾದರೆ ದಾರಿಯು ಪೊಲೀಸು ಠಾಣೆಯದು. 2024ನೆಯ ಇಸವಿ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಬೆಂಕಿಯಿಂದಾಗಲಿ ಕಾಯಿಸಿದ ವಸ್ತುವಿನಿಂದಾಗಲಿ ಬೇಕೆಂದು ಗಾಯಮಾಡಿದವನಿಗೆ 118ನೆಯ ಕಲಮಿನಲ್ಲಿ 3 ವರುಷಗಳ ವರೆಗೆ ಸೆರೆಯುಂಟು. ಕೋಣೆಯಲ್ಲಿ ಅನ್ಯಾಯವಾಗಿ ಕೂಡಿಹಾಕುವದು 127ನೆಯ ಕಲಮಿನ ಅಪರಾಧ. ಆಳು ಯಜಮಾನನ ಸೊತ್ತನ್ನು ಕದ್ದರೆ 306ನೆಯ ಕಲಮಿನಲ್ಲಿ 7 ವರುಷಗಳ ವರೆಗೆ ಶಿಕ್ಷೆ. ರೋಗದಿಂದಾಗಲಿ ದೇಹದ ನಿತ್ರಾಣದಿಂದಾಗಲಿ ಅಸಹಾಯಕನಾದವನನ್ನು ನೋಡಿಕೊಳ್ಳುವದಾಗಿ ಕರಾರು ಮಾಡಿಕೊಂಡು, ಬೇಕೆಂದೇ ನೋಡಿಕೊಳ್ಳದವನಿಗೆ 357ನೆಯ ಕಲಮಿನಲ್ಲಿ 3 ತಿಂಗಳ ವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಆದದರಿಂದ ಆರೈಕೆಗಿಡುವಾಗ ಕೆಲಸವೇನು, ಸಂಬಳವೆಷ್ಟು ಎಂಬದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ರುಜು ಹಾಕುವದು ಲೇಸು.

ದೂರು ಬರೆದುಕೊಂಡವರು ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಠಾಣೆಯಲ್ಲಿ ದೂರನ್ನು ತೆಗೆದುಕೊಳ್ಳದಿದ್ದರೆ ಜಿಲ್ಲೆಯ ಪೊಲೀಸು ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. 60 ವರುಷ ದಾಟಿದ ಗಂಡಸನ್ನೂ, ಯಾವ ವಯಸ್ಸಿನ ಹೆಂಗಸನ್ನೂ, ಸಾಕ್ಷಿ ಹೇಳುವದಕ್ಕಾಗಿ ಅವರ ಮನೆಯಲ್ಲಿಯೇ ಹೊರತು ಬೇರೆಲ್ಲಿಗೂ ಬರಬೇಕೆಂದು ಪೊಲೀಸರು ಒತ್ತಾಯಪಡಿಸಕೂಡದು. ಹಾಸಿಗೆ ಹಿಡಿದ ತಾಯಿಯನ್ನು ಠಾಣೆಗೆ ಹೊರಬೇಕಾದೀತೆಂದು ಅಂಜಬೇಡಿರಿ.

ಬಾಧಿಸುವವನು ಸ್ವಂತ ಮಗನೋ, ಆಸ್ತಿಗೆ ಬಾಧ್ಯನಾದ ನೆಂಟನೋ ಆದರೆ ಮತ್ತೊಂದು ದಾರಿಯೂ ಉಂಟು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಡಬಹುದು. ತಾನೇ ಹೋಗಲಾರದ ವೃದ್ಧನು ಬೇರೊಬ್ಬನಿಗೆ ಅಧಿಕಾರ ಕೊಟ್ಟರೆ ಅವನೂ ಅರ್ಜಿ ಹಾಕಬಹುದು. ಸಭೆಯ ಹಿರಿಯನು ಈ ಸೇವೆಯನ್ನು ಯಾಕೆ ಮಾಡಬಾರದು? ಇದಕ್ಕೆ ವಕೀಲರು ಬೇಕಿಲ್ಲ. ಅನ್ನ, ಬಟ್ಟೆ, ವಸತಿ, ಔಷಧಗಳಿಗಾಗಿ ತಿಂಗಳಿಗೆ 10,000 ರೂಪಾಯಿ ಮೀರದಂತೆ ಕೊಡಿಸುವ ಅಧಿಕಾರವು ಆ ನ್ಯಾಯಮಂಡಳಿಗಿದೆ. ಆಜ್ಞೆಯು ಒಪ್ಪಿಗೆಯಾಗದಿದ್ದರೆ ಹಿರಿಯರು 60 ದಿನಗಳೊಳಗೆ ಮೇಲ್ಮನವಿ ಮಾಡಿಕೊಳ್ಳಬಹುದು. ಇದೇ ಕಾಯ್ದೆಯ 24ನೆಯ ಕಲಮಿನ ಪ್ರಕಾರ, ತನ್ನ ಪಾಲನೆಯಲ್ಲಿರುವ ಹಿರಿಯರನ್ನು ಪೂರಾ ತೊರೆದುಬಿಡಬೇಕೆಂದು ಎಲ್ಲಿಯಾದರೂ ಬಿಟ್ಟುಹೋಗುವವನು, ಮಗನಾಗಲಿ ಬೇರೆಯವನಾಗಲಿ, ಶಿಕ್ಷೆಗೆ ಗುರಿಯಾಗುವನು.

ಹೊಡೆತ ತಿಂದವಳು ತಾಯಿ, ಹೊಡೆದವರು ಒಂದೇ ಮನೆಯಲ್ಲಿರುವ ಮಗನೋ ಸೊಸೆಯೋ ಆದರೆ, ಕೌಟುಂಬಿಕ ಹಿಂಸೆಯನ್ನು ತಡೆಯುವ 2005ರ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆಜ್ಞೆಯನ್ನು ಪಡೆಯಬಹುದು. ಹೆಂಗಸರಿಗೂ ಅಂಗವಿಕಲರಿಗೂ ವರಮಾನವೆಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪುಕ್ಕಟೆಯಾಗಿ ವಕೀಲರು ಸಿಕ್ಕುವರು. ತಾಲೂಕಿನ ನ್ಯಾಯಾಲಯದಲ್ಲಿ ವಿಚಾರಿಸಿರಿ.

ಚೀಬನ ಕಣ್ಣು ಭೂಮಿಯ ಮೇಲಿತ್ತೆಂಬದನ್ನು ಮರೆಯಬೇಡಿರಿ. ನನ್ನನ್ನು ಕಡೆಯ ತನಕ ನೋಡಿಕೊಳ್ಳುತ್ತಾನೆಂದು ನಂಬಿ ಹೊಲವನ್ನು ಬರೆದುಕೊಟ್ಟು ಬೀದಿಗೆ ಬಿದ್ದವರುಂಟು. 2007ರ ಕಾಯ್ದೆಯ 23ನೆಯ ಕಲಮು ಇಂಥವರಿಗಾಗಿಯೇ ಇದೆ. ಅದು ಜಾರಿಗೆ ಬಂದ ಮೇಲೆ, ಅನ್ನ ಆರೈಕೆಗಳನ್ನು ಕೊಡಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಕೊಟ್ಟಿದ್ದು, ಪಡೆದವನು ತಪ್ಪಿದರೆ, ಆ ಪತ್ರವನ್ನು ರದ್ದುಮಾಡಿಸಬಹುದು. ಪಡೆದವನು ಮಗನೇ ಆಗಿರಬೇಕೆಂದಿಲ್ಲ. ಆದರೆ ಅಂಥ ಷರತ್ತು ಇತ್ತೆಂದು ತೋರಿಬರಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪು ಕೊಟ್ಟಿದೆ. ಆದದರಿಂದ ದಾನಪತ್ರವನ್ನು ಬರೆಸುವವರು ಆ ಮಾತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಿರಿ. ಪತ್ರವನ್ನು ಓದಿ ಹೇಳಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬಾರದೆಂದು ನಿಮ್ಮ ಹಿರಿಯರಿಗೆ ಹೇಳಿರಿ.

ಹಾಗಾದರೆ ಕ್ಷಮೆಯೆಲ್ಲಿ ಎಂದು ಕೇಳುವಿರೋ? ಕ್ಷಮಿಸಿರಿ. ಕೋಪದಿಂದ ಆಳನ್ನು ಕಂಬಕ್ಕೆ ಕಟ್ಟಿ ಹೊಡೆಯಬೇಡಿರಿ. ದುಡಿದ ದಿನಗಳ ಸಂಬಳವನ್ನು ಹಿಡಿಯಬೇಡಿರಿ. ಅವರ ಮನಸ್ಸು ತಿರುಗುವಂತೆ ಪ್ರಾರ್ಥಿಸಿರಿ. ಆದರೆ ಕ್ಷಮಿಸಿದ್ದೇವೆಂದು ಹೇಳಿ ತಾಯಿಯನ್ನು ತಿರುಗಿ ಅದೇ ಕೈಗೆ ಒಪ್ಪಿಸುವದು ಕ್ಷಮೆಯಲ್ಲ. ಬರೆಯು ನಮ್ಮ ತೋಳಿನ ಮೇಲಲ್ಲ, ಆಕೆಯ ತೋಳಿನ ಮೇಲಿದೆ.

ದಾವೀದನು ಕಡೆಗೆ ಭೂಮಿಯನ್ನು ಇಬ್ಬರಿಗೂ ಹಂಚಿಕೊಳ್ಳಿರೆಂದನು. ಅದಕ್ಕೆ ಮೆಫೀಬೋಶೆತನು, ಎಲ್ಲವನ್ನೂ ಅವನೇ ತೆಗೆದುಕೊಳ್ಳಲಿ, ಅರಸನು ಸುಖವಾಗಿ ಮನೆಗೆ ಬಂದದ್ದೇ ನನಗೆ ಸಾಕೆಂದು ಹೇಳಿದನು. ಇದನ್ನು ಓದುವಾಗ ನನ್ನ ಎದೆ ಒಡೆಯುತ್ತದೆ. ನಮ್ಮ ವೃದ್ಧರೂ ಹೀಗೆಯೇ ಅಲ್ಲವೇ? ಹಣ ಹೋದರೆ ಹೋಗಲಿ, ಮಗನು ಬಂದನಲ್ಲಾ ಎನ್ನುತ್ತಾರೆ. ನಮ್ಮ ಕರ್ತನು ಶಿಲುಬೆಯ ಮೇಲೆ ಪ್ರಾಣಬಿಡುವ ಘಳಿಗೆಯಲ್ಲಿಯೂ ತಾಯಿಯನ್ನು ಮರೆಯಲಿಲ್ಲ. ಕಣ್ಣೆತ್ತಿ ಆಕೆಯನ್ನು ನೋಡಿ, ತಾನು ಚೆನ್ನಾಗಿ ಬಲ್ಲ ಶಿಷ್ಯನೊಬ್ಬನ ಕೈಗೆ ಒಪ್ಪಿಸಿದನು. ಆತನು ಮೊದಲು ನೋಡಿದನು, ಆಮೇಲೆ ಒಪ್ಪಿಸಿದನು. ನಾವು ಒಪ್ಪಿಸಿದ್ದೇವೆ, ನೋಡಿದ್ದೇವೋ?

ಈ ಭಾನುವಾರ ಆರಾಧನೆ ಮುಗಿದ ಮೇಲೆ, ದೇವಾಲಯಕ್ಕೆ ಬರಲಾರದ ಒಬ್ಬ ವೃದ್ಧರ ಮನೆಗೆ ಹೋಗಿರಿ. ಆರೈಕೆಯವರಿಗೆ ವಂದನೆ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗಿ ವಿಶ್ರಮಿಸಿಕೊಳ್ಳಲು ಹೇಳಿರಿ. ಆಮೇಲೆ ಹಾಸಿಗೆಯ ಬಳಿಯಲ್ಲಿ ಕೂತು, ಅವರ ಕೈಯನ್ನು ಹಿಡಿದು ಕೇಳಿರಿ. ಅವರು ಮಾತಾಡುವ ತನಕ ಏಳಬೇಡಿರಿ. ಬಲಹೀನರ ಮೊರೆಯನ್ನು ಕೇಳುವ ದೇವರು ನಮಗೂ ಕೇಳುವ ಕಿವಿಯನ್ನು ಅನುಗ್ರಹಿಸಲಿ. ಆಮೆನ್.