ಯಾರ ಪರಿಚಯ ಇದೆ?



ಪ್ಲಸ್ ಟು, ಐಟಿಐ, ಡಿಪ್ಲೊಮಾ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಇದು: “ಆ ಕಂಪನಿಯಲ್ಲಿ ನಮಗೆ ಯಾರ ಪರಿಚಯ ಇದೆ?” ಮಗನಿಗೋ ಮಗಳಿಗೋ ಯಾವ ಕೆಲಸ ಬರುತ್ತದೆ ಎಂಬ ಮಾತು ಆಮೇಲೆ. ಪರಿಚಯ ಹಿಡಿದು ಕೆಲಸ ಹುಡುಕುವುದು ಸರಿಯೇ? ಸ್ವಾಮಿಗಳಿಂದ ಪತ್ರ ಬರೆಸಿಕೊಳ್ಳುವುದು ನ್ಯಾಯವೇ? ನಾವೆಲ್ಲರೂ ಕೂತು ಯೋಚಿಸಬೇಕಾದ ಪ್ರಶ್ನೆ ಇದು.

ನಮ್ಮ ಹೊಸೂರಿನಲ್ಲಿ ಕೆಲಸವೇ ಇಲ್ಲ ಎನ್ನುವಂತಿಲ್ಲ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಲಯ ಬಂತು. 1980ರಲ್ಲಿ ಅಶೋಕ್ ಲೇಲ್ಯಾಂಡ್, ಅದೇ ದಶಕದಲ್ಲಿ ಟೈಟನ್ ಕೈಗಡಿಯಾರದ ಕಾರ್ಖಾನೆ ಬಂದವು. ಈಚೆಗೆ ಟಾಟಾ ಎಲೆಕ್ಟ್ರಾನಿಕ್ಸ್ ಬಂದಿದೆ; ಪೋಚಂಪಳ್ಳಿ ಕಡೆ ಓಲಾ ಸ್ಕೂಟರ್ ಕಾರ್ಖಾನೆ ಇದೆ. ಗಡಿ ದಾಟಿದರೆ ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿ. ಕೆಲಸ ಹತ್ತಿರದಲ್ಲೇ ಇದ್ದರೂ ಕೆಲಸದ ಸುದ್ದಿ ಎಲ್ಲರ ಮನೆಗೆ ಬರುವುದಿಲ್ಲ. ತಳಿ, ದೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕನ್ನಡದ ಮನೆಗಳಿಗೆ ಪ್ರಕಟಣೆ ತಮಿಳಿನಲ್ಲಿ, ಅರ್ಜಿ ಇಂಗ್ಲಿಷಿನಲ್ಲಿ. ಗೇಟಿನ ಒಳಗೆ ನಮ್ಮವರೊಬ್ಬರು ಇದ್ದರೆ ಧೈರ್ಯ. ಯಾರೂ ಇಲ್ಲದವರು ಏನು ಮಾಡಬೇಕು?

ಸಂತ ಮತ್ತಾಯರ ಶುಭಸಂದೇಶದ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಇದೆ. ಅದನ್ನು ಕೇಳಿದಾಗಲೆಲ್ಲ ನಮ್ಮ ಗಮನ ಸಂಜೆಯ ಕೂಲಿಯ ಮೇಲೆ ಹೋಗುತ್ತದೆ. ಸಂಜೆ ಐದರವರೆಗೆ ಪೇಟೆಯಲ್ಲಿ ನಿಂತಿದ್ದವರನ್ನೂ ಒಮ್ಮೆ ನೋಡೋಣ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಅವರು ಸೋಮಾರಿಗಳೆಂದು ಸಾಮತಿ ಎಲ್ಲೂ ಹೇಳುವುದಿಲ್ಲ. ತೋಟದ ಯಜಮಾನನೇ ದಿನಕ್ಕೆ ಐದು ಸಲ ಪೇಟೆಗೆ ಹೋದದ್ದರಿಂದ ಅವರಿಗೂ ಕೆಲಸ ಸಿಕ್ಕಿತು.

ಪರಿಚಯ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಸುದ್ದಿ ಹೇಳುವುದು: ಎಲ್ಲಿ ಆಳು ಬೇಕು, ಯಾವ ಓದು ಬೇಕು, ಕೊನೆಯ ದಿನ ಯಾವುದು. ಎರಡನೆಯದು ಸಾಕ್ಷಿ ಹೇಳುವುದು: ಈ ಹುಡುಗಿಯನ್ನು ಇಷ್ಟು ವರ್ಷದಿಂದ ಬಲ್ಲೆ, ಹೇಳಿದ ಸಮಯಕ್ಕೆ ಬರುತ್ತಾಳೆ ಎನ್ನುವುದು. ಮೂರನೆಯದು ಜಾಗ ಕೊಡಿಸುವುದು: ಅರ್ಹತೆ ಯಾರದ್ದೇ ಇರಲಿ, ನಮ್ಮವನನ್ನು ತೆಗೆದುಕೊಳ್ಳಿ ಎಂದು ಒತ್ತಾಯಿಸುವುದು, ಇಲ್ಲವೇ ಹಣ ಕೊಡುವುದು.

ಮೊದಲನೆಯದು ಸತ್ಕಾರ್ಯ. ಎರಡನೆಯದು ನಿಜವಾಗಿದ್ದರೆ ಸತ್ಕಾರ್ಯ. ಸುಳ್ಳಾಗಿದ್ದರೆ ಎಂಟನೆಯ ಕಟ್ಟಳೆಯನ್ನು ಮುರಿದಂತೆ. ತಾವು ಚೆನ್ನಾಗಿ ಅರಿಯದವನಿಗೆ ಒಳ್ಳೆಯ ಕೆಲಸಗಾರ ಎಂದು ಬರೆದುಕೊಡಿ ಅಂತ ಸ್ವಾಮಿಗಳನ್ನು ಕೇಳುವುದು ಅವರ ಬಾಯಿಂದ ಸುಳ್ಳು ಹೇಳಿಸಿದ ಹಾಗೆ. ಮೂರನೆಯದರಲ್ಲಿ ನಮಗೆ ಕಾಣದ ಒಬ್ಬ ಮನುಷ್ಯನಿದ್ದಾನೆ. ಆ ಜಾಗಕ್ಕೆ ಅರ್ಹನಾಗಿದ್ದು, ಅದು ಯಾಕೆ ಸಿಗಲಿಲ್ಲವೆಂದು ತಿಳಿಯದೆ ಬರಿಗೈಯಲ್ಲಿ ಮನೆಗೆ ಹೋಗುವವನು ಅವನು.

“ನಾವೇ ನಾಲ್ಕು ಮನೆ. ನಮ್ಮವರಿಗೆ ನಾವು ಮಾಡದಿದ್ದರೆ ಯಾರು ಮಾಡುತ್ತಾರೆ?” ಎಂದು ಕೇಳಬಹುದು. ಈ ಮಾತಿನ ಹಿಂದೆ ನೋವಿದೆ, ತಳ್ಳಿಹಾಕುವಂತಿಲ್ಲ. ಆದರೆ ಶಿಫಾರಸಿನ ಬಲದಿಂದಲೇ ಕೆಲಸ ಸಿಗುವುದಾದರೆ, ಹೆಚ್ಚು ಜನ ಇರುವವರಿಗೆ ಹೆಚ್ಚು ಶಿಫಾರಸು. ಮೊದಲು ಸೋಲುವವರು ಕಡಿಮೆ ಇರುವ ನಾವೇ. ನ್ಯಾಯವಾದ ಆಯ್ಕೆಯೇ ಚಿಕ್ಕ ಸಮುದಾಯಕ್ಕೆ ರಕ್ಷಣೆ.

ಹಾಗಾಗಿ ಹುಡುಕುವವರೂ ತಮ್ಮ ಪಾಲಿನ ದುಡಿಮೆ ಮಾಡಬೇಕು. ಮೊದಲು ತನಗೆ ಬರುವುದನ್ನು ಸುಳ್ಳಿಲ್ಲದೆ ಒಂದು ಹಾಳೆಯಲ್ಲಿ ಬರೆಯಲಿ. ಕನ್ನಡ, ತಮಿಳು, ತೆಲುಗು ಮೂರೂ ಮಾತಾಡಬಲ್ಲೆನೆಂದು ಬರೆಯಲು ಮರೆಯಬಾರದು. ಈ ಗಡಿಯಲ್ಲಿ ಅದೂ ಒಂದು ಅರ್ಹತೆಯೇ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ದಾಖಲಿಸಿ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಪಡೆಯುತ್ತಾ ಕೆಲಸ ಕಲಿಯಬಹುದು. ತಮಿಳುನಾಡು ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರುವವರು ತಮಿಳು ಅರ್ಹತಾ ಪತ್ರಿಕೆಯಲ್ಲಿ ಶೇಕಡ 40 ಅಂಕ ಪಡೆಯಲೇಬೇಕು. ಮನೆಮಾತು ಕನ್ನಡವಾಗಿರುವ ಮಕ್ಕಳು ಬೇಗನೆ ತಯಾರಿ ಶುರುಮಾಡಲಿ. ವಾರಕ್ಕೆ ಎಷ್ಟು ಅರ್ಜಿ ಹಾಕಿದೆ, ಎಲ್ಲಿಂದ ಉತ್ತರ ಬಂತು ಎಂದು ಬರೆದಿಟ್ಟರೆ ಎಲ್ಲಿ ಕೊರತೆ ಇದೆಯೆಂದು ತಾನೇ ಕಾಣುತ್ತದೆ. ಸೇರುವ ಮೊದಲೇ ಹಣ ಕೇಳುವವರ ಕಡೆ ಹೋಗುವುದೇ ಬೇಡ.

ಇನ್ನು ಉಳಿದವರ ಪಾಲು. ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ನಿರುದ್ಯೋಗದ ಹೊಣೆ ಕೆಲಸ ಕೊಡುವ ಧಣಿಯೊಬ್ಬನದೇ ಅಲ್ಲ, ಸಮಾಜದ್ದೂ ಹೌದು ಎಂಬ ವಿಚಾರವನ್ನು ಮುಂದಿಟ್ಟರು. ನಮ್ಮ ಧರ್ಮಕೇಂದ್ರವೂ ಆ ಸಮಾಜದ ಒಂದು ಭಾಗ. ಕಾರ್ಖಾನೆಗಳಲ್ಲಿ ದುಡಿಯುವವರು ತಮಗೆ ತಿಳಿದ ಕೆಲಸದ ಸುದ್ದಿಯನ್ನು ಒಬ್ಬರ ಕಿವಿಯಲ್ಲಿ ಹೇಳುವ ಬದಲು ಗುಡಿಯ ಪ್ರಕಟಣಾ ಫಲಕದಲ್ಲಿ ಹಾಕಲಿ. ಕನ್ನಡದಲ್ಲೂ ತಮಿಳಿನಲ್ಲೂ ಹಾಕಲಿ, ಏಕೆಂದರೆ ತಮಿಳು ಪೂಜೆಗೆ ಬರುವವರ ಮನೆಯಲ್ಲೂ ಕೆಲಸಕ್ಕಾಗಿ ಕಾಯುವ ಮಕ್ಕಳಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಕೂತು ಒಬ್ಬ ಹುಡುಗನ ಅರ್ಜಿ ತುಂಬಿಸಿಕೊಟ್ಟರೂ ಸಾಕು. ಯಾರ ಪರಿಚಯವೂ ಇಲ್ಲದವನಿಗೆ ಆ ದಿನ ನಮ್ಮ ಪರಿಚಯ ಆಗುತ್ತದೆ.