ಮನೆ ಮಾರುವವನ ಧರ್ಮ

ನಮ್ಮ ಸಂಘದ ಸಭೆ ಮುಗಿದು ಚಹ ಕುಡಿಯುವ ಹೊತ್ತಿಗೆ ಮೊದಲೆಲ್ಲ ಊರಿನ ಮಳೆ-ಬೆಳೆ, ಮಕ್ಕಳ ಪರೀಕ್ಷೆ, ಹುಡುಗಿಗೆ ವರ ಇವೇ ಮಾತು. ಈಗ ಚದರಡಿಗೆ ಏನು ದರ ಎಂಬಲ್ಲಿಂದಲೇ ಮಾತು ಆರಂಭವಾಗುತ್ತದೆ. ಡೊಂಬಿವಲಿಯಲ್ಲಿ ಕೈಗೆಟುಕದವರು ಕಲ್ಯಾಣ ದಾಟಿ ಶಹಾಡ, ಅಂಬಿವಲಿ, ಟಿಟ್ವಾಳಾ ಎಂದು ಕಸಾರಾ ಹಾದಿಯಲ್ಲಿ ಮುಂದೆ ಮುಂದೆ ಸರಿಯುತ್ತಿದ್ದಾರೆ. ಇರಲು ಮನೆ ಹುಡುಕುವವರ ಜೊತೆಗೆ, ಹಳೆಯ ಮನೆ ಕೊಂಡು ಸುಣ್ಣಬಣ್ಣ ಮಾಡಿಸಿ ವರ್ಷದೊಳಗೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳೋಣ ಎನ್ನುವವರೂ ನಮ್ಮಲ್ಲಿ ಹೆಚ್ಚಿದ್ದಾರೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಅನುಭವದಿಂದ ಎದ್ದ ಒಂದು ಪ್ರಶ್ನೆಯನ್ನು ಓದುಗರ ಮುಂದಿಡುತ್ತೇನೆ: ಮಾರುವವನು ತನಗೆ ಗೊತ್ತಿರುವುದನ್ನೆಲ್ಲ ಕೊಳ್ಳುವವನಿಗೆ ಹೇಳಬೇಕೆ?

2022ರ ಮೇ ತಿಂಗಳಲ್ಲಿ ಟಿಟ್ವಾಳಾದಲ್ಲಿ ಮೇಲಿನ ಮಹಡಿಯ ಒಂದು ಖೋಲಿ-ಅಡಿಗೆಮನೆಯನ್ನು 15 ಲಕ್ಷಕ್ಕೆ ಕೊಂಡೆ. ದಲಾಲ ಮೊದಲು ಮಹಾಗಣಪತಿಯ ದರ್ಶನ ಮಾಡಿಸಿ ಆಮೇಲೆ ಮನೆ ತೋರಿಸಿದ. ಅಂಗಾರಕಿಯ ದಿನ ಇಲ್ಲಿ ಸೇರುವ ಜನವನ್ನು ನೋಡಿದರೆ ಈ ಊರಿನಲ್ಲಿ ಜಾಗದ ಬೆಲೆ ಇಳಿಯಲಾರದು ಎಂದು ಅವನ ವಾದ. ದೇವರ ದರ್ಶನಕ್ಕೆ ಬಂದವರೆಲ್ಲ ಸಂಜೆಯ ಲೋಕಲಿಗೆ ತಿರುಗಿ ಹೋಗುತ್ತಾರೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಕೇಂದ್ರ ಸರಕಾರದ ಗುಮಾಸ್ತನಾದ್ದರಿಂದ 1964ರ ನಡತೆ ನಿಯಮಗಳ 18ನೆಯ ನಿಯಮದಂತೆ ಕಚೇರಿಗೆ ಮೊದಲೇ ತಿಳಿಸಿದೆ. ಹಣ ಎಲ್ಲಿಂದ ಬಂತು ಎಂದು ಕೇಳಿದರು, ಬರೆದುಕೊಟ್ಟೆ. 15ನೆಯ ನಿಯಮ ನೌಕರನು ಅನುಮತಿಯಿಲ್ಲದೆ ವ್ಯಾಪಾರ ಮಾಡಬಾರದೆನ್ನುತ್ತದೆ. ಒಂದು ಮನೆ ಕೊಂಡು ಮಾರುವುದು ವ್ಯಾಪಾರವಲ್ಲ, ಮೂರು ನಾಲ್ಕು ಆದರೆ ವ್ಯಾಪಾರವೇ ಎಂದು ನನ್ನ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡೆ. ಮಾರುವ ಉದ್ದೇಶದಿಂದಲೇ ಕೊಂಡಿದ್ದೆನಲ್ಲ ಎಂಬ ಮಾತನ್ನು ಆ ಗೆರೆಯ ಆಚೆಗೆ ಬಿಟ್ಟೆ.

ಜುಲೈ ತಿಂಗಳಲ್ಲಿ ಚಾವಣಿ ಸೋರಿತು. ಪಶ್ಚಿಮದ ಗೋಡೆಯ ಮೂಲೆಯಿಂದ ನೀರಿಳಿದು ಗಿಲಾವು ಉಬ್ಬಿತು, ಬಿಳಿಯ ಪುಡಿ ಉದುರತೊಡಗಿತು. ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು. ಗೋಡೆಯೊಳಗಿನ ಲವಣ ನೀರಿನಲ್ಲಿ ಕರಗಿ ಹೊರಗೆ ಬಂದು ಒಣಗಿದರೆ ಹೀಗಾಗುತ್ತದೆ, ನೀರು ಬರುವ ದಾರಿ ಮುಚ್ಚದೆ ಮೇಲೆ ಎಷ್ಟು ಬಣ್ಣ ಹಚ್ಚಿದರೂ ಒಂದು ಮಳೆಗಾಲಕ್ಕೆ ಅದು ಎದ್ದು ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಡಿಸೆಂಬರಿನಲ್ಲಿ ಗೋಡೆ ಕೆರೆಸಿ, ಪುಟ್ಟಿ ಮೆತ್ತಿಸಿ ಬಣ್ಣ ಹಚ್ಚಿಸಿದೆ. "ಮಳೆಗೆ ಮುಂಚೆ ಮಾರಿಬಿಡಿ ಸಾಹೇಬರೇ" ಎಂದ ದಲಾಲ.

2023ರ ಮಾರ್ಚಿನಲ್ಲಿ ಕೊಳ್ಳಲು ಬಂದವರು ವಿಜಯಪುರ ಜಿಲ್ಲೆಯವರು, ಹೋಟೆಲೊಂದರಲ್ಲಿ ಅಡಿಗೆಯವರು. ದಲಾಲನೊಡನೆ ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದವರು ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು. "ನೀವು ನಮ್ಮವರೇ ಅದೀರಿ, ಮತ್ತೇನ್ ನೋಡೂದೈತ್ರಿ" ಎಂದರು. ಹೊರಡುವಾಗ ಮಾತ್ರ ಒಂದು ಮಾತು ಕೇಳಿದರು: "ಮಳಿಗಾಲದಾಗ ಹೆಂಗ್ರೀ ಸರ ಇಲ್ಲಿ?" ನಾನು, "ಈ ಕಡೆ ಮಳೆ ಎಲ್ಲರಿಗೂ ಜೋರೇ" ಎಂದೆ. ಸುಳ್ಳು ಹೇಳಲಿಲ್ಲ. ಆ ವಾಕ್ಯದಲ್ಲಿ ಸುಳ್ಳಿನ ಒಂದು ಅಕ್ಷರವೂ ಇಲ್ಲ.

19 ಲಕ್ಷ 50 ಸಾವಿರಕ್ಕೆ ಮಾರಿದೆ. ನಾಲ್ಕೂವರೆ ಲಕ್ಷ ಹೊಡೆದ ಎಂದು ಗೆಳೆಯರು ಹೊಟ್ಟೆಕಿಚ್ಚುಪಟ್ಟರು. ಲೆಕ್ಕ ಹೀಗಿದೆ: ಕೊಳ್ಳುವಾಗ ಮುದ್ರಾಂಕ ಶುಲ್ಕ ಶೇಕಡಾ 7ರಂತೆ 1,05,000, ನೋಂದಣಿ 15,000, ದಲಾಲಿ 30,000, ರಿಪೇರಿ-ಬಣ್ಣಕ್ಕೆ 85,000, ಹತ್ತು ತಿಂಗಳು ಖಾಲಿ ಬಿದ್ದ ಮನೆಯ ಸಾಲದ ಬಡ್ಡಿ ಮತ್ತು ಮೇಂಟೆನೆನ್ಸ್ 90,000, ಮಾರುವಾಗಿನ ದಲಾಲಿ 39,000, ಸೊಸೈಟಿಗೆ ವರ್ಗಾವಣೆಯ ಪ್ರೀಮಿಯಂ 25,000. ಉಳಿದದ್ದು 61,000. ಎರಡು ವರ್ಷದೊಳಗೆ ಮಾರಿದ್ದರಿಂದ ಲಾಭ ಸಂಬಳಕ್ಕೆ ಸೇರಿ ಅದರ ಮೇಲೆ ತೆರಿಗೆ ಬೇರೆ. ಈ ದಾರಿ ಹಿಡಿಯಬೇಕೆನ್ನುವ ಬಂಧುಗಳು ಕೊಳ್ಳುವ ಮೊದಲೇ ಇಂಥದೊಂದು ಚೀಟಿ ಬರೆದುಕೊಳ್ಳುವುದು ಒಳ್ಳೆಯದು. ಖಾಲಿ ಮನೆ ತಿಂಗಳು ತಿಂಗಳೂ ಉಣ್ಣುತ್ತದೆ.

ಆದರೆ ನನ್ನನ್ನು ಕಾಡಿದ್ದು ಲೆಕ್ಕವಲ್ಲ. ಮಾರುವವನ ಲಾಭ ಮೂರು ಕಡೆಯಿಂದ ಬರಬಹುದು. ಅವನು ಕಾದ ಕಾಲದಿಂದ, ಅವನು ಮಾಡಿಸಿದ ಕೆಲಸದಿಂದ, ಇಲ್ಲವೇ ಕೊಳ್ಳುವವನ ಅಜ್ಞಾನದಿಂದ. ಮೊದಲಿನ ಎರಡಕ್ಕೆ ಯಾರೂ ಬೆರಳು ತೋರಿಸಲಾರರು. ನಾನು ಕಾದದ್ದು ಹತ್ತು ತಿಂಗಳು, ಮಾಡಿಸಿದ ಕೆಲಸವೆಂದರೆ ದೋಷವನ್ನು ಮುಚ್ಚಿದ್ದು.

ಈ ಪ್ರಶ್ನೆ ಹೊಸದೇನಲ್ಲ. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಇದೇ ಮನೆ ಮಾರಾಟದ ಉದಾಹರಣೆ ಕೊಡುತ್ತಾನೆ. ಮರಮುಟ್ಟು ಕೆಟ್ಟ, ಕೋಣೆಗಳಲ್ಲಿ ಹಾವು ಕಾಣಿಸುವ ಮನೆ, ಅದು ಒಡೆಯನೊಬ್ಬನಿಗೆ ಮಾತ್ರ ಗೊತ್ತು. ಡಯೋಜಿನೀಸ್ ಎಂಬ ತತ್ತ್ವಜ್ಞಾನಿಯ ಪಕ್ಷದಲ್ಲಿ ವಾದ ಹೀಗೆ: ಕೊಳ್ಳೆಂದು ಯಾರೂ ಬಲವಂತ ಮಾಡಲಿಲ್ಲ, ನೋಡಿ ಕೊಳ್ಳುವುದು ಅವನಿಗೆ ಬಿಟ್ಟದ್ದು. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಇದು ಕೆಟ್ಟದ್ದು, ತಿಳಿದೂ ತಿಳಿದೂ ಅವನನ್ನು ತಪ್ಪು ದಾರಿಗೆ ಹಚ್ಚಿದಂತೆ ಎನ್ನುತ್ತಾನೆ. ಸಿಸೆರೋ ಶಿಷ್ಯನ ಪಕ್ಷ.

ನಮ್ಮ ಕಾನೂನೂ ಶಿಷ್ಯನ ಪಕ್ಷವೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ಮಾರುವವನಿಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಮಾರ್ಚಿನ ಬಿಸಿಲಿನಲ್ಲಿ, ಹೊಸ ಬಣ್ಣದ ಕೆಳಗಿನ ತೇವವನ್ನು ಅಡಿಗೆಯವನೊಬ್ಬ ಹೇಗೆ ಕಂಡುಕೊಂಡಾನು? ಇನ್ನು ಕಾಗದಪತ್ರದ ದೋಷವಂತೂ ಗೋಡೆಯ ದೋಷಕ್ಕಿಂತ ಘೋರ. ನಮ್ಮ ಕಲ್ಯಾಣ-ಡೊಂಬಿವಲಿಯಲ್ಲೇ ಪಾಲಿಕೆಯ ಪರವಾನಗಿಗಳನ್ನು ನಕಲಿ ಮಾಡಿ ರೇರಾ ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವಲು ಮುಂಬಯಿ ಉಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ರೇರಾ ನಂಬರು ಇದೆ ಎಂದು ಸುಮ್ಮನಾಗದೆ ಪರವಾನಗಿ ಪತ್ರವನ್ನೂ ವಾಸಯೋಗ್ಯ ಪ್ರಮಾಣಪತ್ರವನ್ನೂ ಪಾಲಿಕೆಯಲ್ಲಿಯೇ ವಿಚಾರಿಸಬೇಕು, ಜಮೀನಿನ ಸಾತ್-ಬಾರಾ ಉತಾರ ನೋಡಬೇಕು. ಕನ್ನಡ ಮಾತಾಡುವ ಮಾರಾಟಗಾರ ಸಿಕ್ಕರೂ ನೋಡಬೇಕು ಎಂದು ನಾನು ಬರೆಯಬೇಕಾಗಿ ಬಂದಿರುವುದು ನಾಚಿಕೆಯ ಸಂಗತಿ. ಊರು ಬಿಟ್ಟು ಬಂದ ನಮಗೆ ಇಲ್ಲಿ ಇರುವ ಬಂಡವಾಳವೆಂದರೆ ಆ ಒಂದು ನಂಬಿಕೆ. ನಾನು 61,000 ರೂಪಾಯಿಗಾಗಿ ಅದರಲ್ಲಿ ಕೈ ಹಾಕಿದ್ದೆ.

ಜುಲೈಯಲ್ಲಿ ಅವರ ಫೋನು ಬಂತು. ಜಗಳಕ್ಕಲ್ಲ. "ಸರ, ಗಿಲಾವು ಮಾಡಿದವನ ನಂಬರ್ ಇದ್ರ ಕೊಡ್ರಿ, ಮೂಲ್ಯಾಗ ಸೋರಾಕತ್ತೈತಿ" ಎಂದರು. ನನಗೂ ಗೊತ್ತಿರಲಿಲ್ಲವೆಂದೇ ಅವರು ತಿಳಿದಿದ್ದರು. ನಂಬರು ಕೊಟ್ಟೆ. ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಮನೆಯವಳೊಡನೆ 40,000 ತೆಗೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಹೆಂಡತಿ ಒಳಗೆ ಹೋದವರು ಆಮೇಲೆ ಹೊರಗೆ ಬರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತ ಹೇಳಿದ್ರ ಐವತ್ತು ಸಾವಿರ ಕಡಿಮಿ ಮಾಡ್ರಿ ಅಂತಿದ್ದೆ ಸರ. ಮನಿ ಬಿಡ್ತಿದ್ದಿಲ್ಲ" ಎಂದರು.

ಒಳಗಿನ ಗಿಲಾವಿನ ಖರ್ಚೆಂದು 20,000 ಮಾತ್ರ ತೆಗೆದುಕೊಂಡರು. ಗಚ್ಚಿಯ ಸೋರಿಕೆಯ ರಿಪೇರಿ ಮಾದರಿ ಉಪವಿಧಿಗಳಂತೆ ಸೊಸೈಟಿಯ ಹೊಣೆ. ನಾನು ಒಡೆಯನಾಗಿದ್ದಾಗಲೇ ಕೇಳಬೇಕಾಗಿದ್ದ ಅರ್ಜಿಯನ್ನು ಆ ದಿನ ಅವರ ಪರವಾಗಿ ಮರಾಠಿಯಲ್ಲಿ ಬರೆದುಕೊಟ್ಟೆ. 2024ರ ಮೇ ತಿಂಗಳಲ್ಲಿ ಗಚ್ಚಿಯ ಕೆಲಸವಾಯಿತು. ಪಶ್ಚಿಮದ ಮೂಲೆಯಲ್ಲಿ ಇನ್ನೂ ಸ್ವಲ್ಪ ತೇವ ಉಳಿದಿದೆಯಂತೆ.