ಮುಚ್ಚಳದ ಹೊಣೆ



ಸಾಕಿದ ಜೀವಿ ತಪ್ಪಿಸಿಕೊಂಡು ಹೋಗದಂತೆ ಮುಚ್ಚಿಡುವುದು ಕ್ರೌರ್ಯವೋ, ಕರ್ತವ್ಯವೋ? ನಮ್ಮ ಬೀಡಿ, ಖಾನಾಪುರ ಕಡೆ ಸಂಜೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮುಂಗುಸಿಯ ಭಯ ಎಲ್ಲರಿಗೂ ಗೊತ್ತು. ಆದರೆ ಪೇಟೆಯ ಮಕ್ಕಳು ಈಗ ಗಾಜಿನ ತೊಟ್ಟಿಯಲ್ಲಿ ವಿದೇಶದ ಆಮೆಗಳನ್ನೂ ಸಾಲಮಾಂಡರ್‌ಗಳನ್ನೂ ಸಾಕಲು ಬಯಸುತ್ತಾರೆ. ಆಗ ಪ್ರಶ್ನೆ ಅಷ್ಟು ಸುಲಭವಲ್ಲ.

ಸಾಲಮಾಂಡರ್ ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಂಧು. ಅದರ ಚರ್ಮ ಸದಾ ಒದ್ದೆಯಾಗಿರಬೇಕು, ಏಕೆಂದರೆ ಅದು ಚರ್ಮದಿಂದಲೂ ಉಸಿರಾಡುತ್ತದೆ. ಆ ಒದ್ದೆ ಮೈಯಿಂದಲೇ ಅದು ಗಾಜಿಗೆ ಅಂಟಿಕೊಂಡು ಮೇಲೇರುತ್ತದೆ, ವೈರು ಹಾಯಿಸಿದ ಸಣ್ಣ ಸಂದಿಯಲ್ಲೂ ನುಸುಳಿಬಿಡುತ್ತದೆ. ಹೊರಬಿದ್ದದ್ದು ಎಲ್ಲಿಗೆ ಹೋದೀತು? ಮಂಚದ ಕೆಳಗೆ ಒಣಗಿ ಸಾಯುತ್ತದೆ. ಆದ್ದರಿಂದ ಗಾಳಿಯಾಡುವ ಜಾಲರಿಯ ಮುಚ್ಚಳ ಬೇಕು, ಅದಕ್ಕೊಂದು ಕೊಂಡಿಯೂ ಬೇಕು.

ವಿಮೋಚನಕಾಂಡದ 21ನೇ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಹಾಯುವ ಎತ್ತೆಂದು ಎಚ್ಚರಿಸಿದ ಮೇಲೂ ಕಟ್ಟಿಹಾಕದ ಒಡೆಯ, ಎತ್ತಿನ ಮೇಲೆ ದೋಷ ಹೊರಿಸಿ ಪಾರಾಗುವಂತಿಲ್ಲ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದು ಸತ್ತ ಪ್ರಾಣಿಯ ಬೆಲೆ ತೆರಬೇಕು. 'ನಾನು ಬೇಕೆಂದು ಮಾಡಲಿಲ್ಲ' ಎಂಬ ಮಾತು ಅಲ್ಲಿ ನಡೆಯದು.

'ಇಷ್ಟು ಪ್ರೀತಿಯಿಂದ ಸಾಕಿದರೂ ಓಡಿಹೋಯಿತಲ್ಲ' ಎಂದು ಕೊರಗುವವರಿದ್ದಾರೆ. ಓಡಿಹೋಗುವುದು ಕೃತಘ್ನತೆಯಲ್ಲ. ಕುರಿ ತೋಳವನ್ನು ಕಂಡು ಓಡುವುದು ಯೋಚಿಸಿ ಮಾಡುವ ತೀರ್ಮಾನವಲ್ಲ, ಸ್ವಭಾವವೇ ಕೊಡುವ ತೀರ್ಪು ಎಂದು ಸಂತ ತೋಮಸ್ ಅಕ್ವಿನಾಸರು ಹೇಳುತ್ತಾರೆ. ಗುರುಮಠದಲ್ಲಿ ಇದನ್ನು ಓದಿದವರು ಪ್ರಾಣಿಗೆ ಸ್ವತಂತ್ರ ಇಚ್ಛೆಯಿಲ್ಲ ಎಂಬಲ್ಲಿಗೇ ನಿಲ್ಲುವುದುಂಟು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಕುರಿ ಸುಮ್ಮಸುಮ್ಮನೆ ಓಡುವುದಿಲ್ಲ, ತೋಳ ಅಲ್ಲಿ ನಿಜವಾಗಿಯೂ ಇದೆ. ಹಾಗೆಯೇ ಸಾಲಮಾಂಡರ್ ಮತ್ತೆ ಮತ್ತೆ ಮೇಲೇರುತ್ತಿದ್ದರೆ ನೀರು ಕೆಟ್ಟಿರಬಹುದು, ಬಿಸಿಯಾಗಿರಬಹುದು. ಅವುಗಳಲ್ಲಿ ಹೆಚ್ಚಿನವು ತಣ್ಣನೆಯ ನೀರಿನವು. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವುಗಳ ಪಾಡೇನು? ಅದನ್ನು ವಿಚಾರಿಸದೆ ಮುಚ್ಚಳವನ್ನಷ್ಟೇ ಬಿಗಿಮಾಡುವವನು ದೂರು ಹೇಳುವ ಬಾಯಿಯನ್ನು ಮುಚ್ಚಿದಂತೆ. ಹರೆಯದ ಮಕ್ಕಳಿರುವ ತಂದೆತಾಯಂದಿರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

'ಪಾಪ, ಹೊಳೆಗೆ ಬಿಟ್ಟುಬಿಡೋಣ' ಎನ್ನುವುದೂ ಕರುಣೆಯಲ್ಲ. ಪಶ್ಚಿಮಘಟ್ಟಗಳಲ್ಲಿ ಸಾಲಮಾಂಡರ್ ಇಲ್ಲವೇ ಇಲ್ಲ. ಭಾರತದಲ್ಲಿ ಅದು ಡಾರ್ಜಿಲಿಂಗ್ ಕಡೆಯ ಪೂರ್ವ ಹಿಮಾಲಯದಂಥ ಕಡೆಗಳಲ್ಲಿದೆ. ನೆದರ್ಲೆಂಡ್ಸ್‌ನ ಕಾಡಿನಲ್ಲಿ ಸಾಲಮಾಂಡರ್‌ಗಳನ್ನು ಬಹುತೇಕ ಅಳಿಸಿಹಾಕಿದ ಶಿಲೀಂಧ್ರವೊಂದನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಅದು ಏಷ್ಯಾದಿಂದ ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಬಂದಿರಬೇಕೆಂಬುದು ಅವರ ಅಭಿಪ್ರಾಯ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೂ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಪ್ಪೆಗಳಿಗೂ ನಮ್ಮ ಮನೆಯ ತೊಟ್ಟಿಯಿಂದ ಏನು ಹೋದೀತೆಂದು ಯಾರು ಬಲ್ಲರು? (ಗಿಳಿಯನ್ನು ಪಂಜರದಲ್ಲಿಟ್ಟವರಿಗೆ ಒಂದು ಮಾತು: ನಮ್ಮ ಕಾಡಿನ ಗಿಳಿಗಳನ್ನು ಸಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆಯವರನ್ನು ಕೇಳಿ.)

ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ತೋಟವನ್ನು ಕೊಟ್ಟದ್ದು ಕೃಷಿಮಾಡಲು ಮತ್ತು ಕಾಯಲು. ನಮ್ಮ ಮಾತಿನಲ್ಲೂ ದನ ಕಾಯುವುದು ಬೇರೆ, ಕೊಂಡವಾಡಕ್ಕೆ ಹೊಡೆಯುವುದು ಬೇರೆ. ಕಾಯಲು ಆಗದ್ದನ್ನು ಕೊಳ್ಳದಿರುವುದೇ ಎಷ್ಟೋ ಸಲ ಸರಿಯಾದ ಉತ್ತರ. ಮಗು ಅತ್ತರೂ ಸರಿ.

ಮೆಕ್ಸಿಕೊ ದೇಶದ ಪಾಟ್ಸ್‌ಕ್ವಾರೊ ಪಟ್ಟಣದಲ್ಲಿ ಡೊಮಿನಿಕನ್ ಕನ್ಯಾಸ್ತ್ರೀಯರು ಅಲ್ಲಿನ ಸರೋವರದ 'ಅಚೋಕೆ' ಎಂಬ ಸಾಲಮಾಂಡರ್‌ಗಳನ್ನು ಮಠದ ತೊಟ್ಟಿಗಳಲ್ಲಿ ಸಾಕುತ್ತಿದ್ದಾರೆ. ಮೊದಲಿಗೆ ಅದು ಕೆಮ್ಮಿನ ಔಷಧಿಗಾಗಿ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಸರೋವರದಲ್ಲಿ ಆ ಜೀವಿ ವಿರಳವಾದಂತೆ ಮಠದ ತೊಟ್ಟಿಗಳೇ ಅದರ ಆಸರೆಯಾದವು. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದವರೂ ಅವರ ಜೊತೆ ಕೆಲಸ ಮಾಡಿದ್ದಾರೆ. ಮಠದ ಗೋಡೆಗಳೊಳಗಿನ ಬಾಳನ್ನು ಆ ಸೋದರಿಯರು ತಾವಾಗಿಯೇ ಆರಿಸಿಕೊಂಡರು, ಅಚೋಕೆ ಆರಿಸಿಕೊಳ್ಳಲಿಲ್ಲ. ಅದಕ್ಕೇ ಅವರು ನೀರು ಬದಲಿಸುತ್ತಾರೆ, ತೊಟ್ಟಿ ತೊಳೆಯುತ್ತಾರೆ. ಆ ಜೀವಿಗಳು ಹೊರಗೆ ನೆಮ್ಮದಿಯಾಗಿ ಬಾಳಬೇಕಾದರೆ ಮೊದಲು ಸರೋವರವೇ ಶುದ್ಧವಾಗಬೇಕು.